ತೋಡಿಯ ಗಾಂಧಾರಕ್ಕೆ ಜಾಗ ಕೊಡಿ

ನಿನ್ನೆ ಸಂಜೆ ಕರ್ನಾಟಕ ಸಂಗೀತಕ್ಕೆ ಪಾಶ್ಚಾತ್ಯ ವಾದ್ಯ ಬೆರೆಸುವ ಒಂದು ಫ್ಯೂಷನ್ ಕಛೇರಿಗೆ ಹೋಗಿದ್ದೆ. ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಪಿಟೀಲಿನ ಹುಡುಗ ತೋಡಿ ರಾಗ ಎತ್ತಿಕೊಂಡ. ಎಷ್ಟು ಚೆಂದ ಶುರು ಮಾಡಿದ್ದ! ಎರಡೇ ನಿಮಿಷ. ಕೀಬೋರ್ಡಿನವರು ಹಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್ ಹಿಡಿದು ಕೂತರು. ಹಿಂದೆಯೇ ಡ್ರಮ್ಸ್ ಜೋರಾಯಿತು. ಪಿಟೀಲು ಕಲಿಯುವಾಗ ತೋಡಿಯ ಗಾಂಧಾರಕ್ಕೆ, ಅಂದರೆ ಅದರ 'ಗ' ಸ್ವರಕ್ಕೆ, ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಆ ಸ್ವರ ಒಂದು ಕಡೆ ನಿಲ್ಲುವುದಿಲ್ಲ. ಅಕ್ಕಪಕ್ಕದ ಸ್ವರಗಳಾದ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರುತ್ತದೆ. ಕೀಬೋರ್ಡಿನ ಗಾಂಧಾರ ಕದಲುವುದೇ ಇಲ್ಲ. ಎರಡೂ ಒಟ್ಟಿಗೆ ಬಂದರೆ ಕಿವಿಗೆ ಉಜ್ಜಿದ ಹಾಗಾಗುತ್ತದೆ. ಕೊನೆಗೆ ಆ ಹುಡುಗನೇ ಗಮಕ, ಅಂದರೆ ಸ್ವರದ ಆ ತೂಗಾಟ, ಬಿಟ್ಟು ಸಪಾಟಾಗಿ ನುಡಿಸಿದ. ನನಗೆ ಹೊಟ್ಟೆ ಉರಿದದ್ದು ಅಲ್ಲೇ.

ಜೊತೆಗಿದ್ದ ಗೆಳತಿ ಕೇಳಿದಳು, "ಪಿಟೀಲೇ ಹೊರಗಿನಿಂದ ಬಂದದ್ದು ಅಲ್ವಾ? ಬೆರೆಯದೆ ಸಂಗೀತ ಬೆಳೆಯೋದು ಹೇಗೆ?"

ಬಂದದ್ದು ನಿಜ ಕಣೇ. ಆದರೆ ಹೇಗೆ ಬಂತು ನೋಡು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ವಾದ್ಯವನ್ನು ನಮ್ಮವರು ಪೂರ್ತಿ ಪಳಗಿಸಿದರು. ತಂತಿಗಳ ಶ್ರುತಿಯನ್ನೇ ಬದಲಿಸಿದರು. ನೆಲದ ಮೇಲೆ ಕೂತು ಅದರ ತಲೆಯನ್ನು ಪಾದಕ್ಕೆ ಊರಿಕೊಂಡರು. ಎಡಗೈ ಸಲೀಸಾಗಿ ಜಾರಿದರೆ ತಾನೇ ಗಮಕ ಬರುವುದು! ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್‌ನಿಂದ ಗಮಕ ಹೊರಡಿಸಲು ವರ್ಷಗಟ್ಟಲೆ ದುಡಿದರು. ಭಾರತೀಯ ಸಂಗೀತಕ್ಕೆ ಜಾಝ್ ಬೆರೆಸಿದ 1970ರ ದಶಕದ 'ಶಕ್ತಿ' ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕೂಡ ಹಾಗೇ. ವೀಣೆ ಕಲಿತರು. ತಂತಿ ಎಳೆದು ಸ್ವರ ಬಾಗಿಸಲು ಗಿಟಾರಿನ ಫ್ರೆಟ್‌ಗಳ (ಮೆಟ್ಟಿಲುಗಳ) ನಡುವಿನ ಮರವನ್ನೇ ಕೆತ್ತಿಸಿ ತಗ್ಗು ಮಾಡಿಸಿಕೊಂಡರು. ಇದೂ ಫ್ಯೂಷನ್ನೇ. ಇದನ್ನು ನಾನು ರಾತ್ರಿಯಿಡೀ ಕೇಳುತ್ತೇನೆ.

ಚಿತ್ರಕಲೆಯಲ್ಲೂ ಅಷ್ಟೇ. ವ್ಯಾನ್ ಗೋ 1887ರಲ್ಲಿ ಜಪಾನಿನ ಹಿರೋಶಿಗೆಯ ಮರದಚ್ಚಿನ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಕಲಿಯುವ ಆಸೆಯಿಂದ ಮಾಡಿದ ನಕಲು. ಆ ದಪ್ಪ ಗೆರೆ, ನೆರಳಿಲ್ಲದ ಬಣ್ಣ ಆಮೇಲೆ ಅವನವೇ ಆದವು.

ಒಂದು ಮಾತು ಹೇಳಲೇಬೇಕು. ಪೋಸ್ಟರ್ ಕೆಲಸ ಮಾಡುತ್ತಿದ್ದಾಗ ನಾನೂ ಒಂದು ರಾತ್ರಿಯಲ್ಲಿ ಮಹಾರಾಷ್ಟ್ರದ ಆದಿವಾಸಿಗಳ ವಾರ್ಲಿ ಚಿತ್ರಗಳ ಗೊಂಬೆಗಳನ್ನು ತಂದು ಜಪಾನಿ ಅಲೆಗಳ ಮೇಲೆ ಅಂಟಿಸಿದ್ದೆ. ವಾರ್ಲಿ ಬಗ್ಗೆ ಒಂದು ಸಾಲೂ ಓದಿರಲಿಲ್ಲ. ಎಲ್ಲರೂ ಹೊಗಳಿದರು. ಅದನ್ನು ಈಗ ನೋಡಲು ನನಗೆ ನಾಚಿಕೆಯಾಗುತ್ತದೆ. ನಿನ್ನೆ ಅಷ್ಟು ಸಿಟ್ಟು ಬಂದದ್ದು ಅದಕ್ಕೂ ಇರಬೇಕು.

ನಿನ್ನೆಯ ಕೀಬೋರ್ಡಿನಲ್ಲಿ ಸ್ವರ ಬಾಗಿಸುವ ಪಿಚ್ ಬೆಂಡ್ ಚಕ್ರ ಇತ್ತು. ಮುಂದಿನ ಸಾಲಿನಲ್ಲೇ ಕೂತಿದ್ದೆ, ಚೆನ್ನಾಗಿ ಕಾಣುತ್ತಿತ್ತು. ಇಡೀ ತೋಡಿಯಲ್ಲಿ ಅವರು ಅದನ್ನು ಒಂದು ಸಲವೂ ಮುಟ್ಟಲಿಲ್ಲ.