ರಕ್ತ ಕಾಣದ ಅಪರಾಧಲೋಕ: ಜಾನ್ ಸ್ಟೀಡನ ನಾಜೂಕು ಸಮರ್ಥನೀಯವೇ?

1961ರ ಜನವರಿಯಿಂದ 1969ರವರೆಗೆ ಬ್ರಿಟನ್ನಿನ ಐಟಿವಿಯಲ್ಲಿ 161 ಕಂತುಗಳಾಗಿ ಮೂಡಿಬಂದ ‘ದಿ ಅವೆಂಜರ್ಸ್’ ಧಾರಾವಾಹಿಗೂ ಅದೇ ಹೆಸರಿನ ಅಮೆರಿಕದ ಸೂಪರ್‌ಹೀರೋ ಚಿತ್ರಗಳಿಗೂ ಯಾವ ನಂಟೂ ಇಲ್ಲ. ಬೌಲರ್ ಟೋಪಿ ಧರಿಸಿ, ಮಡಿಸಿದ ಕೊಡೆ ಹಿಡಿದು, ಹಳೆಯ ಬೆಂಟ್ಲಿ ಕಾರಿನಲ್ಲಿ ಓಡಾಡುವ ಜಾನ್ ಸ್ಟೀಡ್ ಇದರ ನಾಯಕ. ಆ ಪಾತ್ರವನ್ನು ಮಾಡಿದವರು ಪ್ಯಾಟ್ರಿಕ್ ಮ್ಯಾಕ್ನೀ. ಈ ಲೋಕದಲ್ಲಿ ರಕ್ತ, ಸಮವಸ್ತ್ರದ ಪೊಲೀಸರು, ಕಪ್ಪು ವರ್ಣದವರು, ಮೇಲ್ವರ್ಗದ ಹೊರಗಿನ ಜನ ಯಾರೂ ಕಾಣಿಸುವುದಿಲ್ಲವೆಂದು ಬರಹಗಾರ ಹಾಗೂ ನಿರ್ಮಾಪಕ ಬ್ರಿಯಾನ್ ಕ್ಲೆಮೆನ್ಸ್ ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ವಾಸ್ತವವನ್ನು ಹೀಗೆ ಬಾಗಿಲಾಚೆ ನಿಲ್ಲಿಸಿದ್ದು ಸರಿಯೇ?

ಪರ

ಸ್ಟೀಡನ ಸೌಜನ್ಯವನ್ನು ಬರೀ ಉಡುಪಿನ ಥಳಕೆಂದು ತಿಳಿಯುವವರು ಅದರ ಮೂಲವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಟಾರ್ಪಿಡೊ ದೋಣಿಗಳಲ್ಲಿ ಸೇವೆ ಸಲ್ಲಿಸಿ, ಜೊತೆಗಾರರ ಸಾವನ್ನು ಕಂಡಿದ್ದ ಮ್ಯಾಕ್ನೀ, ತಮ್ಮ ಪಾತ್ರದ ಕೈಗೆ ಬಂದೂಕು ಬೇಡವೆಂದರು. ಮೊದಮೊದಲು ಮಳೆಯಂಗಿ ತೊಟ್ಟು ಮಾಮೂಲಿ ಗೂಢಚಾರನಂತೆ ತಿರುಗುತ್ತಿದ್ದ ಸ್ಟೀಡ್ ಕ್ರಮೇಣ ಟೋಪಿಯೊಳಗಿನ ಉಕ್ಕನ್ನೂ ಕೊಡೆಯೊಳಗಿನ ಕತ್ತಿಯನ್ನೂ ಆಸರೆಯಾಗಿಸಿಕೊಂಡನಾದರೂ, ಅವನು ಹೆಚ್ಚಾಗಿ ನೆಚ್ಚಿದ್ದು ಮಾತನ್ನು ಮತ್ತು ಸಮಾಧಾನವನ್ನು. ಯುದ್ಧವನ್ನು ಹತ್ತಿರದಿಂದ ಕಂಡವರೊಬ್ಬರು ಗುಂಡಿನ ಸದ್ದನ್ನು ಮನರಂಜನೆಯಾಗಿಸಲು ಒಪ್ಪದಿದ್ದುದರಲ್ಲಿ ನನಗೆ ಗಂಭೀರವಾದ ನೈತಿಕ ನಿಲುವೇ ಕಾಣುತ್ತದೆ.

ವಾಸ್ತವದ ಹಂಗು ಕಳಚಿದ್ದರಿಂದಲೇ ಆ ಕಾಲದ ವಾಸ್ತವದಲ್ಲಿ ಅಪರೂಪವಾಗಿದ್ದ ಹೆಣ್ಣುಗಳು ತೆರೆಗೆ ಬಂದರು. ಮೊದಲ ಸರಣಿಯಲ್ಲಿ ಸ್ಟೀಡನ ಜೊತೆಗಾರನಾಗಿ ಇಯಾನ್ ಹೆಂಡ್ರಿ ನಟಿಸಿದ್ದ ವೈದ್ಯ ಡೇವಿಡ್ ಕೀಲ್ ಪಾತ್ರಕ್ಕೆಂದು ಬರೆದಿದ್ದ ಚಿತ್ರಕಥೆಗಳು, ಹೆಂಡ್ರಿ ಹೊರನಡೆದ ಮೇಲೆ, ಹೆಚ್ಚು ಬದಲಾವಣೆಯಿಲ್ಲದೆ ಹಾನರ್ ಬ್ಲ್ಯಾಕ್‌ಮನ್ ನಟಿಸಿದ ಹೊಸ ಜೊತೆಗಾತಿ ಕ್ಯಾಥಿ ಗೇಲ್ ಪಾಲಿಗೆ ಬಂದವು. ಹೀಗಾಗಿ ಗಂಡಸಿಗೆಂದು ಬರೆದ ಧೈರ್ಯ, ತರ್ಕ, ಹೊಡೆದಾಟ ಎಲ್ಲವೂ ಅವಳದಾದವು. ಮುಂದೆ ಡಯಾನಾ ರಿಗ್ ಅವರ ಎಮ್ಮಾ ಪೀಲ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು. 1966ರ ಒಂದು ಕಂತಿನಲ್ಲಿ, ಸೇಡಿಗಾಗಿ ಯಂತ್ರಬದ್ಧಗೊಳಿಸಿದ ಮನೆಯೊಳಗೆ ಅವಳನ್ನು ಕೂಡಿಹಾಕಲಾಗುತ್ತದೆ. ಸುತ್ತಿ ಸುತ್ತಿ ಅದೇ ಕೋಣೆಗೆ ಮರಳಿಸುವ ಆ ಮನೆಯ ಗುಟ್ಟನ್ನು ಬಿಡಿಸಿಕೊಂಡು ಅವಳು ಪಾರಾಗುವುದು ತನ್ನದೇ ಬುದ್ಧಿಬಲದಿಂದ. ಸ್ಟೀಡ್ ಬರುವ ಹೊತ್ತಿಗೆ ಬಿಡಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ತಾನು ರಕ್ಷಿಸಬೇಕಾಗಿಲ್ಲದ ಸಂಗಾತಿಯ ಎದುರು ಆ ಸಭ್ಯಸ್ಥ ಒಂದಿಷ್ಟೂ ಕುಗ್ಗುವುದಿಲ್ಲ.

ಮೇಲ್ವರ್ಗವನ್ನು ಈ ಧಾರಾವಾಹಿ ಹೊಗಳಿತೆಂಬ ಆರೋಪವೂ ಪೂರ್ತಿ ನಿಲ್ಲದು. ಕಲಾಯಾ ಎಂಬ ಕಲ್ಪಿತ ದೇಶದ ಸ್ವಾತಂತ್ರ್ಯವನ್ನು ಒಪ್ಪದೆ ಅದನ್ನು ಮರಳಿ ಪಡೆಯಲು ಸಂಚು ಹೂಡುವ ಹಳೆಯ ವಸಾಹತುಶಾಹಿಗಳೇ 1966ರ ಇನ್ನೊಂದು ಕಂತಿನ ಖಳರು.

ವಿರೋಧ

ಧಾರಾವಾಹಿಯ ಹೆಸರಿನಿಂದಲೇ ಆರಂಭಿಸೋಣ. ಅವೆಂಜರ್ಸ್ ಎಂದರೆ ಸೇಡು ತೀರಿಸಿಕೊಳ್ಳುವವರು. ಯಾರ ಸಾವಿನ ಸೇಡು? ಮೊದಲ ಕಂತಿನಲ್ಲಿ ಮಾದಕವಸ್ತು ಜಾಲದವರ ಗುಂಡಿಗೆ ಡಾ. ಕೀಲ್‌ನ ಭಾವೀ ಪತ್ನಿ ನಡುರಸ್ತೆಯಲ್ಲಿ ಬಲಿಯಾಗುತ್ತಾಳೆ. ಆ ದುಃಖದಿಂದಲೇ ಕತೆ ಹುಟ್ಟಿತ್ತು. ಕೆಲವೇ ವರ್ಷಗಳಲ್ಲಿ ಹೆಸರು ಮಾತ್ರ ಉಳಿದು, ಆ ದುಃಖ ಮರೆಯಾಯಿತು. ನಂತರದ ಕಂತುಗಳಲ್ಲಿ ಜನ ಮಡಿಕೆ ಕೆಡದ ಬಟ್ಟೆಯಲ್ಲೇ ಸತ್ತು ಬೀಳುತ್ತಾರೆ, ಅವರಿಗೆ ಮನೆಯಿಲ್ಲ, ಅಳುವವರಿಲ್ಲ, ಮತ್ತೆ ಕಾಣುವುದು ಷಾಂಪೇನಿನ ಲೋಟ. ರಕ್ತ ತೋರದಿರುವುದು ಸಂಯಮವೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಸತ್ತವನಿಗೆ ಒಂದು ಕ್ಷಣದ ಶೋಕವನ್ನೂ ಕೊಡದಿರುವುದನ್ನು ಸಂಯಮವೆನ್ನಲು ನನ್ನಿಂದ ಸಾಧ್ಯವಿಲ್ಲ. ಮ್ಯಾಕ್ನೀ ಅವರ ಯುದ್ಧದ ನೆನಪು ಅವರ ಕೈಯಿಂದ ಬಂದೂಕನ್ನು ಬಿಡಿಸಿತು, ನಿಜ. ಆ ನೆನಪಿನ ಭಾರ ಮಾತ್ರ ಚಿತ್ರಕಥೆಗೆ ಇಳಿಯಲಿಲ್ಲ.

ಕ್ಲೆಮೆನ್ಸರ ಕಟ್ಟಳೆ ಯಾವ ಕಾಲದ್ದೆಂಬುದೂ ಮುಖ್ಯ. ವೆಸ್ಟ್ ಇಂಡೀಸ್, ಭಾರತ, ಪಾಕಿಸ್ತಾನಗಳಿಂದ ಬಂದವರು ಬಸ್ಸು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ವರ್ಷಗಳವು. 1962ರಲ್ಲಿ ಅಂಥವರ ಪ್ರವೇಶಕ್ಕೆ ಕಡಿವಾಣ ಹಾಕುವ ಕಾನೂನು ಬಂತು, 1965ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಬ್ರಿಟನ್ನಿನ ಮೊದಲ ಕಾನೂನು. ತೆರೆಯ ಇಂಗ್ಲೆಂಡಿನಲ್ಲಿ ಇವರು ಬಹುಮಟ್ಟಿಗೆ ಇಲ್ಲವೇ ಇಲ್ಲ. ಕೊಲೆಗಾರ ರೋಬೋಟಿನಂಥ ಕಲ್ಪನೆಯನ್ನು ಕೂಡಿಸುವುದು ಕಲಾವಿದನ ಹಕ್ಕು, ಆದರೆ ಬೀದಿಯಲ್ಲಿ ನಡೆಯುತ್ತಿರುವ ಮನುಷ್ಯರನ್ನು ಬಣ್ಣ ನೋಡಿ ಅಳಿಸುವುದನ್ನು ಅದೇ ಹಕ್ಕಿನಡಿ ತರಲಾಗದು. ಕಲಾಯಾದ ಕಂತಿನ ವಿಡಂಬನೆ ಚುರುಕಾಗಿಯೇ ಇದೆ. ಆದರೆ ಅದು ನಗುವುದು ಗತಿಸಿದ ಸಾಮ್ರಾಜ್ಯವನ್ನು ಕಂಡು, ಲಂಡನ್ನಿನಲ್ಲಿ ಆಗ ಬಾಡಿಗೆಮನೆ ಸಿಗದೆ ಅಲೆಯುತ್ತಿದ್ದವರ ಪಾಡು ಅದರ ದೃಷ್ಟಿಗೆ ಬೀಳುವುದಿಲ್ಲ.

ಎಮ್ಮಾ ಪೀಲ್‌ಳ ಸಮಾನತೆಯ ಬಗ್ಗೆ ನನಗೂ ಮೆಚ್ಚುಗೆಯಿದೆ. ಆದರೂ ಆ ಪಾತ್ರ ಮಾಡುತ್ತಿದ್ದ ರಿಗ್, ತಮ್ಮ ಸಂಬಳ ಕ್ಯಾಮೆರಾಮನ್‌ನದಕ್ಕಿಂತ ಕಡಿಮೆಯೆಂದು ತಿಳಿದು ಜಗಳವಾಡಬೇಕಾಯಿತು ಎಂಬುದನ್ನು ಮರೆಯಲಾರೆ.

ಮೊದಲ ಸರಣಿಯ 26 ಕಂತುಗಳಲ್ಲಿ ಪೂರ್ತಿಯಾಗಿ ಉಳಿದಿರುವವು ಮೂರೇ. ಸತ್ತವಳಿಗಾಗಿ ಒಬ್ಬ ಮನುಷ್ಯ ನಿಜವಾಗಿ ನೊಂದ ಆ ಮೊದಲ ಕಂತಿನ ಆರಂಭದ ಭಾಗವಷ್ಟೇ ಇಂದು ನಮಗೆ ನೋಡಲು ಸಿಗುತ್ತದೆ.