ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ಬಂದಿದ್ದು ‘ಬೂಮ್ ಟೌನ್’ಗೆ ಅಲ್ಲ

ಹಾಲಿವುಡ್‌ನ ‘ಬೂಮ್ ಟೌನ್’ ಚಿತ್ರದ ಫೋಟೊ ಜೊತೆಗೆ ‘ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ತಂದುಕೊಟ್ಟ ಸಿನಿಮಾ’ ಎಂಬ ಸಾಲು ಹರಿದಾಡುತ್ತಿದೆ. ಇದು ತಪ್ಪು.

ಟ್ರೇಸಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿದ್ದು ‘ಕ್ಯಾಪ್ಟನ್ಸ್ ಕರೇಜಿಯಸ್’ (1937) ಮತ್ತು ‘ಬಾಯ್ಸ್ ಟೌನ್’ (1938) ಚಿತ್ರಗಳಿಗೆ. ಎರಡನೆಯದರ ಹೆಸರೇ ಗೊಂದಲಕ್ಕೆ ಕಾರಣ ಇರಬೇಕು. ಆದರೆ ಅದು ದಿಕ್ಕಿಲ್ಲದ ಹುಡುಗರಿಗೆ ಆಸರೆ ಕೊಟ್ಟ ಪಾದ್ರಿ ಫ್ಲಾನಗನ್ ಅವರ ಕಥೆ. ‘ಬೂಮ್ ಟೌನ್’ ಕಥೆಯ ಎಣ್ಣೆ ಬಾವಿಗೂ ಅದಕ್ಕೂ ಸಂಬಂಧವೇ ಇಲ್ಲ.

‘ಬೂಮ್ ಟೌನ್’ ಬಂದಿದ್ದು 1940ರಲ್ಲಿ. ಜ್ಯಾಕ್ ಕಾನ್ವೇ ನಿರ್ದೇಶನದ, ಎಂಜಿಎಂ ಸ್ಟುಡಿಯೊದ ಚಿತ್ರ. ಟೆಕ್ಸಾಸ್‌ನ ಬರ್ಕ್‌ಬರ್ನೆಟ್‌ನಲ್ಲಿ ಎಣ್ಣೆ ಹುಡುಕುವ ಇಬ್ಬರು ಗೆಳೆಯರು, ಕ್ಲಾರ್ಕ್ ಗೇಬಲ್ ಮತ್ತು ಟ್ರೇಸಿ. ಟ್ರೇಸಿ ಪ್ರೀತಿಸಿದ ಹುಡುಗಿಯನ್ನು ಗೇಬಲ್ ಮದುವೆಯಾಗುತ್ತಾನೆ. ದುಡ್ಡು ಬರುತ್ತದೆ, ಹೋಗುತ್ತದೆ, ಸ್ನೇಹವೂ ಮುರಿಯುತ್ತದೆ. ಕೊನೆಗೆ ಕೋರ್ಟಿನಲ್ಲಿ ಗೆಳೆಯನ ಪರ ಸಾಕ್ಷಿ ಹೇಳಲು ನಿಲ್ಲುವವನು ಟ್ರೇಸಿಯೇ. ಆ ದೃಶ್ಯಕ್ಕೆ ಪ್ರಶಸ್ತಿ ಬಂದಿರಲೇಬೇಕು ಅನ್ನಿಸುವುದು ಸಹಜ, ನನಗೂ ಅದು ಅಷ್ಟೇ ಇಷ್ಟ. ಆದರೂ ಬಂದಿಲ್ಲ, ಅಲ್ವಾ?

ಚಿತ್ರಕ್ಕೆ ಸಿಕ್ಕಿದ್ದು ಎರಡು ನಾಮನಿರ್ದೇಶನ ಮಾತ್ರ: ಕಪ್ಪು-ಬಿಳುಪು ಛಾಯಾಗ್ರಹಣ ಮತ್ತು ವಿಶೇಷ ಪರಿಣಾಮ. ಎರಡರಲ್ಲೂ ಗೆಲ್ಲಲಿಲ್ಲ. ಆ ವರ್ಷದ ಅತ್ಯುತ್ತಮ ನಟ ‘ದಿ ಫಿಲಡೆಲ್ಫಿಯಾ ಸ್ಟೋರಿ’ಯ ಜೇಮ್ಸ್ ಸ್ಟೂವರ್ಟ್.

ಇನ್ನೊಂದು ಮಾತು. ಗೇಬಲ್ ಮತ್ತು ನಾಯಕಿ ಕ್ಲಾಡೆಟ್ ಕೋಲ್ಬರ್ಟ್ ಕೂಡ ಆಗಲೇ ಆಸ್ಕರ್ ಗೆದ್ದವರು. ಅದು ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಚಿತ್ರಕ್ಕೆ. ಈ ಸಾಲನ್ನು ಹಂಚಿಕೊಂಡವರು ದಯವಿಟ್ಟು ತಿದ್ದಿಕೊಳ್ಳಿ.