ಆದಿತ್ಯವಾರದ ಅಂಗಿ

ಉಜಿರೆಗೆ ಮೇಷ್ಟ್ರ ಕೆಲಸಕ್ಕೆ ಬಂದ ದಿನ, ಊರಲ್ಲಿ ಏನೇನು ಸಿಗುತ್ತದೆ ಅಂತ ಒಂದು ಸುತ್ತು ಹಾಕಿ ನೋಡಿದ್ದೆ. ಅರ್ಧ ಗಂಟೆ ಸಾಕಾಯಿತು. ಎಸ್‌ಡಿಎಂ ಕಾಲೇಜು 1966ರಿಂದ ಇರುವ ಊರಲ್ವಾ, ಜೆರಾಕ್ಸ್ ಅಂಗಡಿಗೆ ಬರವಿಲ್ಲ. ಬೇಕರಿ ಇದೆ, ಆಸ್ಪತ್ರೆ ಇದೆ, ಹಾಸ್ಟೆಲ್ ಮಕ್ಕಳಿಗೆ ಬಕೆಟ್ಟು, ಚಾಪೆ ಮಾರುವ ಅಂಗಡಿ ಇದೆ. ಸಂಜೆ ಹೋಗಿ ಕೂರಲು ಜನಾರ್ದನ ಸ್ವಾಮಿ ದೇವಸ್ಥಾನ ಇದೆ. ಧರ್ಮಸ್ಥಳಕ್ಕೆ ತಿರುಗುವ ದಾರಿ ಆದ್ದರಿಂದ ಬಸ್ಸಿಗಂತೂ ಕೊರತೆಯೇ ಇಲ್ಲ. ಇನ್ನೇನು ಬೇಕು ಅಂದುಕೊಂಡು ಒಂದು ಮನೆಯ ಮಹಡಿ ಕೋಣೆಗೆ ಅಡ್ವಾನ್ಸ್ ಕೊಟ್ಟೆ.

ಒಂದನ್ನು ಮಾತ್ರ ವಿಚಾರಿಸಲು ಮರೆತಿದ್ದೆ. ಬಟ್ಟೆ ಎಲ್ಲಿ ಒಣಗಿಸುವುದು?

ಮರೆತದ್ದು ನನ್ನ ತಪ್ಪಲ್ಲ. ನಾನು ಗದಗ ಕಡೆಯವನು. ಅಲ್ಲಿ ಬಟ್ಟೆ ಒಗೆಯುವುದು ಕೆಲಸ, ಒಣಗಿಸುವುದು ಕೆಲಸವೇ ಅಲ್ಲ. ಹಗ್ಗಕ್ಕೆ ಎಸೆದು ಬಂದರೆ ಮುಂದಿನದನ್ನು ಬಿಸಿಲು ನೋಡಿಕೊಳ್ಳುತ್ತದೆ. ವರ್ಷವಿಡೀ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಊರಿನಿಂದ, ಹತ್ತಿರ ಹತ್ತಿರ 4,000 ಮಿಲಿಮೀಟರ್ ಸುರಿಯುವ ಜಿಲ್ಲೆಗೆ ಬಂದಿದ್ದೆ. ಅದೂ ಜೂನ್ ಮೊದಲ ವಾರ. ಅದೂ ಚಾರ್ಮಾಡಿ ಘಾಟಿಯ ಬುಡಕ್ಕೆ. ಕಡಲಿನಿಂದ ಎದ್ದ ಮೋಡಗಳು ಗುಡ್ಡ ಹತ್ತಲಾರದೆ ಹೊತ್ತ ಭಾರವನ್ನೆಲ್ಲ ಇಳಿಸುವ ಜಾಗ ಇದು. ಹತ್ತಿ ಹೋದವು ಆಚೆ ಕಡೆ ನಮ್ಮೂರಿಗೆ ಬರುವ ಹೊತ್ತಿಗೆ ಕೈ ಖಾಲಿ.

ಮೊದಲ ಭಾನುವಾರ ಎರಡು ಅಂಗಿ, ಒಂದು ಪ್ಯಾಂಟು ಒಗೆದು ಮಹಡಿಯ ಮಾಡಿನ ಕೆಳಗೆ ಹಾಕಿದೆ. ಸೋಮವಾರ ಮುಟ್ಟಿದೆ, ಹಸಿ. ಮಂಗಳವಾರ ಮುಟ್ಟಿದೆ, ಒಣಗಿದೆಯೋ ಬರೀ ತಣ್ಣಗಿದೆಯೋ ಗೊತ್ತಾಗಲಿಲ್ಲ. ಈ ಗೊಂದಲ ಗಟ್ಟದ ಕೆಳಗಿನ ಊರುಗಳಲ್ಲಿ ಇರದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಕೆನ್ನೆಗೆ ಒತ್ತಿ ನೋಡಬೇಕು. ಕಾಲರಿನ ಒಳಗೆ, ಪ್ಯಾಂಟಿನ ಜೇಬಿಗೆ ಬೆರಳು ಹಾಕಿ ನೋಡಬೇಕು. ಜೇಬು ಯಾವತ್ತೂ ಕೊನೆಗೆ ಒಣಗುವುದು. ಫ್ಯಾನಿನ ಕೆಳಗೆ ಹಾಕೋಣ ಅಂದರೆ, ಗಾಳಿ ಜೋರಾದ ಕೂಡಲೇ ಕರೆಂಟು ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಅಂಗಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಬುಧವಾರದ ಹೊತ್ತಿಗೆ ಮುಗ್ಗಲು ವಾಸನೆ ಶುರು. ಬೆಲ್ಟಿಗೆ ಬೂಷ್ಟು ಹಿಡಿದದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕಂಡೆ.

ಕೆಳಗಿನ ಮನೆಯ ಅಮ್ಮ ಮಾತಿಲ್ಲದೆ ಎಲ್ಲ ನೋಡುತ್ತಿದ್ದರು. ಗುರುವಾರ ತಡೆಯಲಾಗಲಿಲ್ಲ ಅನಿಸುತ್ತದೆ.

"ಎಂತ ಮಾಷ್ಟ್ರೇ, ಆ ಅಂಗಿ ಆದಿತ್ಯವಾರದಿಂದ ಅಲ್ಲೇ ಉಂಟಲ್ಲ?"

"ಒಣಗ್ತಾ ಇಲ್ಲಮ್ಮ."

"ಹಾಗೆ ಹಾಕಿದ್ರೆ ದೀಪಾವಳಿಗೆ ಒಣಗ್ತದೆ. ಕೊಡಿ ಇಲ್ಲಿ."

ಅವರ ಬಚ್ಚಲುಮನೆಯಲ್ಲಿ ದೊಡ್ಡ ತಾಮ್ರದ ಹಂಡೆ, ಅದರಡಿ ಒಲೆ. ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು. ಮೇಲೆ ಮಾಡಿಗೆ ಸಮಾನಾಂತರವಾಗಿ ಎರಡು ಬಿದಿರು ಗಳ. ಇಡೀ ಮನೆಯ ಬಟ್ಟೆ ಅಲ್ಲಿ ಹೊಗೆ ಕುಡಿಯುತ್ತಾ ತೂಗುತ್ತಿತ್ತು. ನನ್ನ ಅಂಗಿಗೂ ಒಂದು ಮೂಲೆ ಸಿಕ್ಕಿತು. ಮರುದಿನ ಬೆಚ್ಚಗೆ, ಗರಿಗರಿಯಾಗಿ ವಾಪಸು ಬಂತು. ಕ್ಲಾಸಿಗೆ ಹೋದರೆ ಮುಂದಿನ ಬೆಂಚಿನ ಹುಡುಗಿ ಮೂಗು ಎಳೆದಳು. ನಾನು ಸುಟ್ಟ ಹಪ್ಪಳದ ಹಾಗೆ ನಾರುತ್ತಿದ್ದೆ. ಆಮೇಲೆ ಗಮನಿಸಿದೆ, ಸ್ಟಾಫ್ ರೂಮಿನಲ್ಲಿ ಅರ್ಧ ಜನ ಹಾಗೇ ನಾರುತ್ತಿದ್ದರು.

ಜುಲೈಯಲ್ಲಿ ಒಂದು ದಿನ ಮಧ್ಯಾಹ್ನ ಪಾಠ ನಡೆದಿತ್ತು. ಕಿಟಕಿಯ ಆಚೆ ಇದ್ದಕ್ಕಿದ್ದಂತೆ ಗೋಡೆಯೆಲ್ಲ ಹಳದಿ. ಹಿಂದಿನ ಬೆಂಚಿನಲ್ಲಿದ್ದ ಬಾಗಲಕೋಟೆಯ ಹುಡುಗ ಎದ್ದು ನಿಂತ. "ಸರ, ಬಿಸಲ ಬಿದ್ದೈತ್ರಿ." ಅಷ್ಟೇ ಹೇಳಿದ. ಯಾಕೆ, ಏನು ಅಂತ ನಾನೂ ಕೇಳಲಿಲ್ಲ. ಹಾಸ್ಟೆಲಿಗೆ ಓಡಿದ. ಅವನು ಗೇಟು ದಾಟುವಷ್ಟರಲ್ಲಿ ಮತ್ತೆ ಮಳೆ.

ಅದೇ ಬಿಸಿಲಿಗೆ ಕಾಯುವವರು ಇನ್ನೊಬ್ಬರಿದ್ದರು, ಮನೆಯ ಯಜಮಾನರು. ಅಡಿಕೆಗೆ ಕೊಳೆರೋಗ ಬರದಂತೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ ಕಲಸಿ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ. ಹೊಡೆದ ಮೇಲೆ ಒಂದಿಷ್ಟು ಹೊತ್ತಾದರೂ ಮಳೆ ಬಿಡಬೇಕು. ಬಿಸಿಲು ಕಂಡಾಗ ನಾನು ಬಟ್ಟೆ ಹಿಡಿದು ಅಂಗಳಕ್ಕೆ ಇಳಿದರೆ ಅವರು ತೋಟಕ್ಕೆ. ಇಬ್ಬರೂ ಒಂದೇ ಹೊತ್ತಿಗೆ ನೆನೆದು ವಾಪಸು. ಅವರ ನೀಲಿ ಕಲೆಯ ಅಂಗಿ, ನನ್ನ ಚೌಕಳಿ ಅಂಗಿ ಒಂದೇ ಗಳದ ಮೇಲೆ. ಅವರದು ವರ್ಷದ ಫಸಲಿನ ಚಿಂತೆ, ನನ್ನದು ನಾಳೆಯ ಅಂಗಿಯದು. ನನ್ನ ಗೋಳನ್ನು ಅವರೆದುರು ಹೇಳಲು ಆಮೇಲೆ ನಾಚಿಕೆಯಾಗುತ್ತಿತ್ತು.

ಊರಿನ ಹತ್ತಿರದಲ್ಲೇ ಸೂರ್ಯ ಅಂತ ಒಂದು ಜಾಗ. ಹೆಸರು ಕೇಳಿ ಆಸೆಯಿಂದಲೇ ಹೋದೆ. ಅಲ್ಲಿರುವುದು ಸದಾಶಿವ ರುದ್ರ. ಬೇಡಿಕೊಂಡದ್ದರ ಮಣ್ಣಿನ ಗೊಂಬೆಯನ್ನು ಹರಕೆ ಒಪ್ಪಿಸುವುದು ಅಲ್ಲಿಯ ಪದ್ಧತಿ. ಮನೆ, ತೊಟ್ಟಿಲು, ಮಗು, ವಾಹನ, ಎಲ್ಲ ಮಣ್ಣಿನವೇ ರಾಶಿ ರಾಶಿ. ಒಣಗಿದ ಅಂಗಿಯನ್ನು ಮಣ್ಣಿನಲ್ಲಿ ಹೇಗೆ ಮಾಡುವುದು ಅಂತ ತುಂಬಾ ಹೊತ್ತು ನಿಂತು ಯೋಚಿಸಿದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು.

ಚೌತಿಗೆ ಊರಿಗೆ ಹೋದೆ. ಚೀಲ ಬಿಚ್ಚುತ್ತಲೇ ಅವ್ವ, "ಇದೇನೋ, ಅಂಗಿ ಹೊಗಿ ವಾಸನಿ ಹೊಡಿತೈತಿ?" ಅಂತ ಎಲ್ಲವನ್ನೂ ನೀರಿಗೆ ಹಾಕಿದಳು. ಹಿಂಡಿ ಹಗ್ಗಕ್ಕೆ ಹಾಕಿ, ನಾನು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮಡಚಿ ತಂದಿಟ್ಟಳು. ನನಗೆ ನಂಬಿಕೆ ಬರಲಿಲ್ಲ. ಅವಳು ಆಚೆ ಹೋದ ಮೇಲೆ ಪ್ಯಾಂಟಿನ ಜೇಬಿಗೆ ಬೆರಳು ಹಾಕಿ ನೋಡಿದೆ.